ಹೊರಟೇ ಹೋಗದವರ ಮರಳುವಿಕೆ: ಅರೀಥಾ ಫ್ರ್ಯಾಂಕ್ಲಿನ್ ಅವರ ‘ಅಮೇಜಿಂಗ್ ಗ್ರೇಸ್’ ಕುರಿತು

1972ರ ಜನವರಿ 13 ಮತ್ತು 14ರ ರಾತ್ರಿಗಳಲ್ಲಿ ಲಾಸ್ ಏಂಜಲೀಸ್ ನಗರದ ವಾಟ್ಸ್ ಪ್ರದೇಶದ ನ್ಯೂ ಟೆಂಪಲ್ ಮಿಷನರಿ ಬ್ಯಾಪ್ಟಿಸ್ಟ್ ಸಭೆಯಲ್ಲಿ ಎರಡು ಆರಾಧನೆಗಳು ನಡೆದವು. ಅವುಗಳನ್ನು ಆರಾಧನೆಗಳೆಂದು ಕರೆಯಬೇಕೋ ಧ್ವನಿಮುದ್ರಣದ ಕೆಲಸವೆಂದು ಕರೆಯಬೇಕೋ ಎಂಬ ಸಂದೇಹ ಅಂದಿನಿಂದ ಇಂದಿನವರೆಗೂ ತೀರಿಲ್ಲ. ಆ ಕಟ್ಟಡವೇ ಹಿಂದೆ ಚಲನಚಿತ್ರಮಂದಿರವಾಗಿತ್ತು. ಪರದೆ ಇರಬೇಕಾದ ಕಡೆಯ ಗೋಡೆಯಲ್ಲಿ ಯೊರ್ದನಿನ ನೀರಿನಲ್ಲಿ ನಿಂತ ಕರ್ತನ ಚಿತ್ರ. ಅದರ ಮುಂದೆ ದಕ್ಷಿಣ ಕ್ಯಾಲಿಫೋರ್ನಿಯಾ ಕಮ್ಯೂನಿಟಿ ಗಾಯನವೃಂದ. ಪಿಯಾನೋದ ಬಳಿ ರೆವರೆಂಡ್ ಜೇಮ್ಸ್ ಕ್ಲೀವ್‌ಲ್ಯಾಂಡ್. ಪ್ರಸಂಗಪೀಠದ ಹಿಂದೆ ಇಪ್ಪತ್ತೊಂಬತ್ತು ವರ್ಷದ ಅರೀಥಾ ಫ್ರ್ಯಾಂಕ್ಲಿನ್. ವಾದ್ಯಗಾರರು ಯಾರೆಂದರೆ ಬರ್ನಾರ್ಡ್ ಪರ್ಡಿ, ಚಕ್ ರೇನಿ, ಕಾರ್ನೆಲ್ ಡುಪ್ರೀ ಮುಂತಾದವರು, ಅಂದರೆ ಆಕೆಯ ಸೋಲ್ ಸಂಗೀತಕ್ಕೆ ತಾಳ ಕೊಟ್ಟ ಕೈಗಳೇ. ಅಟ್ಲಾಂಟಿಕ್ ಸಂಸ್ಥೆ ಅದೇ ವರ್ಷದ ಜೂನ್ ತಿಂಗಳಲ್ಲಿ ಇದನ್ನು ಎರಡು ತಟ್ಟೆಗಳ ಧ್ವನಿಮುದ್ರಿಕೆಯಾಗಿ ಹೊರತಂದಿತು. ಅಮೆರಿಕದಲ್ಲಿಯೇ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಪ್ರತಿಗಳು ಮಾರಾಟವಾದವು. ಫ್ರ್ಯಾಂಕ್ಲಿನ್ ಅವರ ಬೇರಾವ ಮುದ್ರಿಕೆಯೂ ಅಷ್ಟು ಮನೆಗಳನ್ನು ಸೇರಲಿಲ್ಲ.

ಈ ಮುದ್ರಿಕೆಯ ಬಗ್ಗೆ ಒಂದು ಕಥೆ ಬಹಳ ಸುಲಭವಾಗಿ ಹೇಳಲ್ಪಡುತ್ತದೆ. ಸಭಾಪಾಲಕರ ಮಗಳು; ಬಾಲ್ಯದಲ್ಲಿ ಡೆಟ್ರಾಯ್ಟ್ ನಗರದ ನ್ಯೂ ಬೆತೆಲ್ ಬ್ಯಾಪ್ಟಿಸ್ಟ್ ಸಭೆಯಲ್ಲಿ ಹಾಡಿದವರು; ಹದಿನೆಂಟರ ಹರೆಯದಲ್ಲಿ ಲೋಕದ ಸಂಗೀತಕ್ಕೆ ಹೋದವರು; ಕೀರ್ತಿ, ಹಣ, ಮುರಿದ ದಾಂಪತ್ಯ ಎಲ್ಲವನ್ನೂ ಕಂಡು ಕಡೆಗೆ ತಂದೆಯ ಮನೆಗೆ ಹಿಂದಿರುಗಿದವರು. ಲೂಕನ ಹದಿನೈದನೆಯ ಅಧ್ಯಾಯ ಬಾಯಿಪಾಠವಾಗಿರುವ ನಮಗೆ ಈ ಕಥೆ ಸಿದ್ಧವಾದ ಪ್ರಸಂಗದಂತೆ ತೋರುತ್ತದೆ. ಆದರೆ ಎರಡನೆಯ ರಾತ್ರಿ ಆ ಸಭೆಯಲ್ಲಿ ಆಕೆಯ ತಂದೆಯೇ ಇದ್ದರು. ಸಿ. ಎಲ್. ಫ್ರ್ಯಾಂಕ್ಲಿನ್ ತಮ್ಮ ಕಾಲದ ಕರಿಯರ ಸಭೆಗಳಲ್ಲಿ ಪ್ರಸಂಗಕ್ಕೆ ಹೆಸರಾದವರು, ಪ್ರಸಂಗಗಳೇ ಧ್ವನಿಮುದ್ರಿಕೆಗಳಾಗಿ ಮಾರಾಟವಾದ ಬೋಧಕರು, 1963ರಲ್ಲಿ ಡೆಟ್ರಾಯ್ಟ್‌ನ ಸ್ವಾತಂತ್ರ್ಯ ನಡಿಗೆಯನ್ನು ಸಂಘಟಿಸಿದವರು. ಅವರು ಎದ್ದು ನಿಂತು ಮಾತಾಡುವಾಗ, ನನ್ನ ಮಗಳು ಸಭೆಗೆ ಹಿಂದಿರುಗಿದಳೆಂದು ಹೇಳುವವರಿದ್ದಾರೆ, ನಿಜವಾಗಿ ಅವಳು ಸಭೆಯನ್ನು ಬಿಟ್ಟೇ ಇರಲಿಲ್ಲ ಎಂಬ ಅರ್ಥದ ಮಾತನ್ನು ಆಡಿದರು. ಜನರು ಕೂಗಿ ಒಪ್ಪಿದರು. ಹೀಗೆ, ಸಾಮ್ಯದ ತಂದೆಯ ಸ್ಥಾನದಲ್ಲಿ ನಾವು ಕೂರಿಸಿದವರೇ ಆ ಸಾಮ್ಯವನ್ನು ನಿರಾಕರಿಸಿದ್ದಾರೆ.

ತಂದೆಯ ಪ್ರೀತಿಯಿಂದ ಬಂದ ಮಾತೆಂದು ಅದನ್ನು ಬದಿಗಿಡಬಹುದು. ಹಾಗೆ ಮಾಡಬಾರದೆಂಬುದು ನನ್ನ ಅಭಿಪ್ರಾಯ. ಸುವಾರ್ತಾಗೀತೆಯ ಚರಿತ್ರೆ ತಿಳಿದವರಿಗೆ ಆ ಮಾತು ಅತಿಶಯೋಕ್ತಿಯಲ್ಲ. ಈ ಮುದ್ರಿಕೆಯಲ್ಲಿರುವ ‘ಪ್ರೆಷಸ್ ಲಾರ್ಡ್’ ಗೀತೆಯನ್ನು ರಚಿಸಿದ ಥಾಮಸ್ ಡಾರ್ಸಿ, ಮೊದಲು ‘ಜಾರ್ಜಿಯಾ ಟಾಮ್’ ಎಂಬ ಹೆಸರಿನಲ್ಲಿ ಬ್ಲೂಸ್ ನುಡಿಸುತ್ತಿದ್ದವರು. 1932ರಲ್ಲಿ ಹೆಂಡತಿ ಹೆರಿಗೆಯಲ್ಲಿ ತೀರಿಕೊಂಡು, ಹುಟ್ಟಿದ ಮಗುವೂ ಉಳಿಯದೆ ಹೋದಾಗ ಆ ಗೀತೆ ಹುಟ್ಟಿತು. ಬ್ಲೂಸ್‌ನ ನಡೆಯನ್ನು ದೇವಾಲಯಕ್ಕೆ ತಂದರೆಂದು ಡಾರ್ಸಿಯವರಿಗೆ ಅನೇಕ ಸಭೆಗಳ ಬಾಗಿಲು ಮುಚ್ಚಿತ್ತು. ಇಪ್ಪತ್ತು ವರ್ಷ ಕಳೆದ ಮೇಲೆ ರೇ ಚಾರ್ಲ್ಸ್ ಸುವಾರ್ತಾಗೀತೆಯೊಂದರ ಧಾಟಿಯನ್ನು ಪ್ರೇಮಗೀತೆಯಾಗಿ ತಿರುಗಿಸಿದಾಗ ಅದೇ ಆಕ್ಷೇಪ ಎದುರು ದಿಕ್ಕಿನಿಂದ ಬಂತು. ಸಭೆಯ ಸೊತ್ತನ್ನು ಲೋಕಕ್ಕೆ ಕೊಟ್ಟರು ಎಂದು ಒಬ್ಬರನ್ನೂ, ಲೋಕದ ಸೊತ್ತನ್ನು ಸಭೆಗೆ ತಂದರು ಎಂದು ಇನ್ನೊಬ್ಬರನ್ನೂ ದೂರಿದವರು ಒಂದೇ ಬಗೆಯ ಜನ. ಈ ಎರಡು ಓಣಿಗಳ ನಡುವೆ ಗೋಡೆ ಇತ್ತೆಂಬ ಭಾವನೆಯೇ ಆ ದೂರುಗಳಿಗೆ ಆಧಾರ. ಫ್ರ್ಯಾಂಕ್ಲಿನ್ ಬೆಳೆದ ಮನೆಯಲ್ಲಾದರೋ ಅಂಥ ಗೋಡೆ ಇರಲಿಲ್ಲ. ಶನಿವಾರ ರಾತ್ರಿಯ ಸಂಗೀತಗಾರರಿಗೂ ಭಾನುವಾರದ ಗಾಯಕರಿಗೂ ತಂದೆಯ ಮನೆಯ ಬಾಗಿಲು ಒಂದೇ ಆಗಿತ್ತು.

ಇದನ್ನು ಬರೆಯುವಾಗ ನನ್ನದೇ ಒಂದು ತಪ್ಪನ್ನು ಮರೆಮಾಚಲಾರೆ. ಸಭಾಪಾಲನೆಯ ಆರಂಭದ ವರ್ಷಗಳಲ್ಲಿ, ಮದುವೆ ಸಮಾರಂಭಗಳ ಆರ್ಕೆಸ್ಟ್ರಾದಲ್ಲಿ ಚಿತ್ರಗೀತೆ ಹಾಡಿ ಮನೆ ನಡೆಸುತ್ತಿದ್ದ ತರುಣಿಯೊಬ್ಬಳನ್ನು ನಾನು ಗಾಯನವೃಂದದಿಂದ ಬಿಡಿಸಿದೆ. ಸಮಿತಿಯವರು ಮೆಚ್ಚಿದರು. ಆಕೆ ವಾದಿಸಲಿಲ್ಲ, ಹಿಂದಿನ ಬೆಂಚಿನಲ್ಲಿ ಕುಳಿತು ಕೆಲವು ತಿಂಗಳು ಹಾಡಿದಳು, ಆಮೇಲೆ ಬರುವುದನ್ನು ನಿಲ್ಲಿಸಿದಳು. ನಾನು ಬಹಳ ಕಾಲ ಅದನ್ನು ಆಕೆ ಲೋಕಕ್ಕೆ ಹೋದ ಕಥೆಯೆಂದೇ ಹೇಳುತ್ತಿದ್ದೆ.

ಹಾಗೆಂದು ಪವಿತ್ರ ಸಂಗೀತಕ್ಕೂ ಲೌಕಿಕ ಸಂಗೀತಕ್ಕೂ ಭೇದವೇ ಇಲ್ಲವೆಂದು ಹೇಳುವವರೊಡನೆಯೂ ನನ್ನ ಮನಸ್ಸು ಒಪ್ಪುವುದಿಲ್ಲ. ಮುದ್ರಿಕೆಯನ್ನು ಗಮನವಿಟ್ಟು ಕೇಳಿದರೆ ಭೇದ ಕಿವಿಗೆ ಬೀಳುತ್ತದೆ. ಆದರೆ ಅದು ನಾವು ಹುಡುಕುವ ಜಾಗದಲ್ಲಿಲ್ಲ. ಕಂಠ ಅದೇ, ತಾಳ ಅದೇ, ಸ್ವರಗಳನ್ನು ಬಾಗಿಸುವ ರೀತಿಯೂ ಅದೇ. ಬದಲಾಗಿರುವುದು ಯಾರನ್ನು ಕುರಿತು ಹಾಡುತ್ತಾರೆ, ಯಾರು ಉತ್ತರ ಕೊಡುತ್ತಾರೆ ಎಂಬ ಎರಡು ಸಂಗತಿಗಳು. ಮುದ್ರಣಾಲಯದ ಕೋಣೆಯಲ್ಲಿ ಹಾಡಿದ ಪ್ರೇಮಗೀತೆಯಲ್ಲಿ ‘ನೀನು’ ಎಂಬವನು ಮೌನವಾಗಿರುತ್ತಾನೆ. ಅವನ ಮೌನವೇ ಆ ಗೀತೆಯ ನೋವು. ಇಲ್ಲಿ ಸಂಬೋಧನೆ ದೇವರ ಕಡೆಗೆ, ಉತ್ತರವೋ ಬೆಂಚುಗಳಿಂದ. ಮೊದಲ ರಾತ್ರಿ ಆರಂಭದಲ್ಲಿಯೇ ಕ್ಲೀವ್‌ಲ್ಯಾಂಡ್ ಅವರು, ಇದು ಧ್ವನಿಮುದ್ರಣವಾದರೂ ದೇವರ ಆರಾಧನೆಯೆಂಬುದನ್ನು ಮರೆಯಬೇಡಿರಿ ಎಂದು ನೆರೆದವರಿಗೆ ನೆನಪಿಸಿದರು. ಆ ಮಾತಿಗೆ ಜನ ವಿಧೇಯರಾದರು. ಅವರ ‘ಆಮೆನ್’, ಚಪ್ಪಾಳೆ, ಅಳು ಇವುಗಳನ್ನು ಕಳೆದುಬಿಟ್ಟರೆ ಈ ಮುದ್ರಿಕೆಯಲ್ಲಿ ಸಂಗೀತವೇ ಅರ್ಧವಾಗುತ್ತದೆ.

ಈ ದೃಷ್ಟಿಯಿಂದ ನೋಡಿದರೆ ‘ಪ್ರೆಷಸ್ ಲಾರ್ಡ್’ ಗೀತೆಯೊಳಗೆ ಕ್ಯಾರೊಲ್ ಕಿಂಗ್ ಅವರ ‘ಯು ಹ್ಯಾವ್ ಗಾಟ್ ಎ ಫ್ರೆಂಡ್’ ಎಂಬ 1971ರ ಜನಪ್ರಿಯ ಹಾಡನ್ನು ಹೆಣೆದಿರುವುದು ಕೇವಲ ಚಮತ್ಕಾರವಾಗಿ ತೋರುವುದಿಲ್ಲ. ಮನುಷ್ಯ ಸ್ನೇಹಿತನೊಬ್ಬ ಕೊಡುವ ವಾಗ್ದಾನ, ಹೆಂಡತಿ ಮಗುವನ್ನು ಕಳೆದುಕೊಂಡ ಮನುಷ್ಯನ ಮೊರೆಗೆ ಉತ್ತರವಾಗಿ ನಿಲ್ಲುತ್ತದೆ, ಮತ್ತು ಹಾಗೆ ನಿಂತಾಗ ಆ ಸ್ನೇಹಿತ ಯಾರೆಂಬುದು ತಾನಾಗಿ ಬದಲಾಗುತ್ತದೆ. ಅದೇ ಮುದ್ರಿಕೆಯಲ್ಲಿ ‘ವಾಟ್ ಎ ಫ್ರೆಂಡ್ ವಿ ಹ್ಯಾವ್ ಇನ್ ಜೀಸಸ್’ ಕೂಡ ಇರುವುದರಿಂದ ಎರಡೂ ಗೀತೆಗಳು ಒಂದನ್ನೊಂದು ವ್ಯಾಖ್ಯಾನಿಸುತ್ತವೆ. ‘ಯು ವಿಲ್ ನೆವರ್ ವಾಕ್ ಅಲೋನ್’ ಬಗ್ಗೆ ನಾನು ಅಷ್ಟು ಖಚಿತವಾಗಿ ಹೇಳಲಾರೆ. 1945ರ ‘ಕ್ಯಾರೊಸೆಲ್’ ಎಂಬ ಸಂಗೀತನಾಟಕದಿಂದ ಬಂದ ಈ ಹಾಡಿನಲ್ಲಿ ಸಾಂತ್ವನವಿದೆ, ಸಾಂತ್ವನ ಕೊಡುವವನ ಹೆಸರಿಲ್ಲ. ಫ್ರ್ಯಾಂಕ್ಲಿನ್ ಪಿಯಾನೋ ನುಡಿಸುತ್ತಾ ಅದನ್ನು ಎಷ್ಟು ಎತ್ತರಕ್ಕೆ ಒಯ್ದರೂ, ಆ ಹೆಸರಿಲ್ಲದ ಜಾಗ ಬರಿದಾಗಿಯೇ ಉಳಿಯಿತೆಂದು ನನಗನ್ನಿಸುತ್ತದೆ. ಸಭೆಯೊಳಗೆ ಹಾಡಿದ ಮಾತ್ರಕ್ಕೆ ಎಲ್ಲವೂ ಸುವಾರ್ತೆಯಾಗುವುದಿಲ್ಲ.

ಮುದ್ರಿಕೆಯ ಮೊದಲ ಗೀತೆ ‘ಮೇರಿ, ಡೋಂಟ್ ಯು ವೀಪ್’. ಎರಡನೆಯ ರಾತ್ರಿ ಹಾಡಿದ್ದನ್ನು ಸಂಪಾದಕರು ಮೊದಲಿಗೆ ತಂದಿಟ್ಟರು. ಎರಡು ರಾತ್ರಿಗಳ ನಿಜವಾದ ಕ್ರಮ 1999ರ ಪೂರ್ಣ ಆವೃತ್ತಿಯಲ್ಲಿ ಮಾತ್ರ ದೊರೆಯುತ್ತದೆ. ವ್ಯಾಖ್ಯಾನಶಾಸ್ತ್ರ ಕಲಿಯುವ ವಿದ್ಯಾರ್ಥಿಗಳು ಇದೊಂದನ್ನಾದರೂ ಕೇಳಬೇಕು. ದಾಸ್ಯದ ಕಾಲದ ಈ ಗೀತೆ ಬೇಥಾನ್ಯದ ಮರಿಯಳಿಗೆ ಅಳಬೇಡವೆನ್ನುತ್ತದೆ. ಏಕೆ ಅಳಬಾರದೆಂಬುದಕ್ಕೆ ಅದು ಕೊಡುವ ಕಾರಣ ಫರೋಹನ ಸೈನ್ಯ ಸಮುದ್ರದಲ್ಲಿ ಮುಳುಗಿದ್ದು. ಯೋಹಾನನ ಹನ್ನೊಂದನೆಯ ಅಧ್ಯಾಯಕ್ಕೂ ವಿಮೋಚನಕಾಂಡದ ಹದಿನಾಲ್ಕನೆಯ ಅಧ್ಯಾಯಕ್ಕೂ ಇಂಥ ಸೇತುವೆಯನ್ನು ಯಾವ ಪಂಡಿತನೂ ಕಟ್ಟಿಕೊಟ್ಟಿರಲಿಲ್ಲ. ಓದಲು ಬರೆಯಲು ಕಲಿಯುವುದು ಅಪರಾಧವಾಗಿದ್ದ ಜನ, ಸಮಾಧಿಯ ಮುಂದೆ ನಿಂತ ಹೆಂಗಸಿನ ದುಃಖಕ್ಕೆ ಕೆಂಪು ಸಮುದ್ರದಿಂದ ಉತ್ತರ ತಂದರು.

ಇದರ ನಡುವೆ ಫ್ರ್ಯಾಂಕ್ಲಿನ್ ಲಾಜರನ ವೃತ್ತಾಂತವನ್ನು ವಿಸ್ತರಿಸುತ್ತಾರೆ. ಕ್ಯಾರವಾನ್ಸ್ ವೃಂದದ ಐನೆಜ್ ಆಂಡ್ರ್ಯೂಸ್ ಹಿಂದೆಯೇ ಹಾಕಿಕೊಟ್ಟ ದಾರಿ ಇದು. ಕರ್ತನು ತಡವಾಗಿ ಬಂದದ್ದಕ್ಕೆ ಅಕ್ಕತಂಗಿಯರು ಹೇಳುವ ಆಕ್ಷೇಪಣೆಯನ್ನು ಅವರು ಮೆತ್ತಗೆ ಮಾಡುವುದಿಲ್ಲ, ಅದರಲ್ಲಿ ಸಿಟ್ಟಿದೆ. ಆಮೇಲೆ ಹೆಸರು ಹಿಡಿದು ಕರೆಯುವ ಘಟ್ಟ. ಸುವಾರ್ತಿಕನ ಪ್ರಕಾರ ಕರ್ತನು ಮಹಾಧ್ವನಿಯಿಂದ ಒಮ್ಮೆ ಕೂಗುತ್ತಾನೆ. ಇಲ್ಲಿ ಲಾಜರನ ಹೆಸರು ಮೂರು ಸಲ ಬರುತ್ತದೆ. ಮೊದಲೆರಡು ಸಲ ಬಾಗಿಲಲ್ಲಿ ನಿಂತು ಒಳಗಿರುವವನನ್ನು ಎಬ್ಬಿಸುವಂತೆ, ಮೂರನೆಯ ಸಲ ಯಾವ ಬಾಗಿಲೂ ತಡೆಯಲಾರದಂತೆ. ಮೂಲದಲ್ಲಿಲ್ಲದ್ದನ್ನು ಸೇರಿಸಿದರೆಂದು ತಪ್ಪು ಹಿಡಿಯಬಹುದು. ನಾಲ್ಕು ದಿನ ಸಮಾಧಿಯಲ್ಲಿದ್ದವನಿಗೆ ಕೇಳಿಸಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತನ್ನು ನಮಗೂ ಅನುಭವಿಸಲು ಕೊಡುವ ಪ್ರಸಂಗಕಲೆ ಇದೆಂದು ನಾನು ತಿಳಿಯುತ್ತೇನೆ.

ಪ್ರಸಂಗವೆಂಬ ಪದವನ್ನು ಬೇಕೆಂದೇ ಬಳಸಿದೆ. ಆ ಎರಡು ರಾತ್ರಿಗಳ ಚಲನಚಿತ್ರವನ್ನು ನೋಡಿದವರಿಗೆ ಒಂದು ಸಂಗತಿ ಚುಚ್ಚುತ್ತದೆ. ಮಾತಾಡುವವರೆಲ್ಲ ಪುರುಷರು. ಕ್ಲೀವ್‌ಲ್ಯಾಂಡ್ ಆಕೆಯನ್ನು ಪರಿಚಯಿಸುತ್ತಾರೆ, ತಂದೆ ಆಕೆಯ ಬಾಲ್ಯವನ್ನು ನೆನೆಯುತ್ತಾರೆ. ಆಕೆಯಾದರೋ ಹಾಡುಗಳ ನಡುವೆ ಬಹುಮಟ್ಟಿಗೆ ಮೌನ, ಕೆಲವೊಮ್ಮೆ ಸಂಕೋಚ. ತನ್ನ ಕಾಲದ ಅತಿ ದೊಡ್ಡ ಗಾಯಕಿ ತನ್ನದೇ ರಾತ್ರಿಯಲ್ಲಿ ಅತಿಥಿಯಂತೆ ಕುಳಿತಿದ್ದಾರೆ. ಹೆಂಗಸಿಗೆ ಪ್ರಸಂಗಪೀಠವನ್ನು ಸಾಮಾನ್ಯವಾಗಿ ಕೊಡದಿದ್ದ ಸಭಾಪರಂಪರೆಯಲ್ಲಿ ಆಕೆ ಅದರ ಹಿಂದೆಯೇ ನಿಂತು ಹಾಡಿದರು; ಹಾಡೆಂಬ ಕಾರಣಕ್ಕೆ ಯಾರೂ ಆಕ್ಷೇಪಿಸಲಿಲ್ಲ. ಎದುರಿನ ಸಾಲಿನಲ್ಲಿ, ಆಕೆಗೆ ಗುರುಸಮಾನರಾದ ಕ್ಲಾರಾ ವಾರ್ಡ್ ಕುಳಿತಿದ್ದರು. ಲಾಜರನನ್ನು ಕರೆದಾಗ ಆ ಜನಸಮೂಹ ಕೇಳಿದ್ದು ವಾಕ್ಯಬೋಧನೆಯನ್ನೇ. ದೀಕ್ಷೆಯ ಕುರಿತು ಇಂದಿಗೂ ತರ್ಕ ಮಾಡುತ್ತಿರುವ ನಮ್ಮ ಆಯರ್ಗಳು ಈ ಮುದ್ರಿಕೆಯ ಮೊದಲ ಏಳೆಂಟು ನಿಮಿಷಗಳನ್ನು ಕೇಳಿದ ಮೇಲೆ ತರ್ಕವನ್ನು ಮುಂದುವರಿಸಲಿ.

ಇನ್ನು ಮುದ್ರಿಕೆಗೆ ಹೆಸರು ಕೊಟ್ಟ ಗೀತೆ. ಇದರ ಹುಟ್ಟಿನ ಬಗ್ಗೆ ಪ್ರಸಂಗಗಳಲ್ಲಿ ನಾವು ಹೇಳುವ ದೃಷ್ಟಾಂತವನ್ನು ಮೊದಲು ಸರಿಪಡಿಸಿಕೊಳ್ಳಬೇಕು. ದಾಸರನ್ನು ಸಾಗಿಸುತ್ತಿದ್ದ ನಾವಿಕ ಜಾನ್ ನ್ಯೂಟನ್ ಬಿರುಗಾಳಿಗೆ ಸಿಕ್ಕಿ, ದೇವರಿಗೆ ಮೊರೆಯಿಟ್ಟು, ಆ ವ್ಯಾಪಾರವನ್ನು ಒಡನೆಯೇ ಬಿಟ್ಟು ಈ ಗೀತೆಯನ್ನು ಬರೆದನು ಎಂಬುದು ಆ ದೃಷ್ಟಾಂತ. ನಡೆದದ್ದು ಹಾಗಲ್ಲ. ಬಿರುಗಾಳಿ ಬಂದದ್ದು 1748ರಲ್ಲಿ. ಮಾನಸಾಂತರದ ಅನುಭವವಾದ ಮೇಲೆಯೇ, 1750ರಿಂದ 1754ರವರೆಗೆ, ಅವನು ದಾಸವ್ಯಾಪಾರದ ಹಡಗುಗಳ ನಾಯಕನಾಗಿ ಮೂರು ಯಾತ್ರೆ ಮಾಡಿದನು. ಹಡಗಿನ ಮೇಲ್ಭಾಗದಲ್ಲಿ ಪ್ರಾರ್ಥನೆ ನಡೆಸುತ್ತಿದ್ದನು. ಕೆಳಗೆ ಸಂಕೋಲೆ ತೊಟ್ಟವರು ಇದ್ದರು. ಅವನು ಸಮುದ್ರವನ್ನು ಬಿಟ್ಟದ್ದು ಮನಸ್ಸಾಕ್ಷಿ ಚುಚ್ಚಿದ್ದರಿಂದಲ್ಲ, ಕಾಯಿಲೆ ಬಿದ್ದದ್ದರಿಂದ. ಗೀತೆಯನ್ನು ಬರೆದದ್ದು ಓಲ್ನಿಯ ಬೋಧಕನಾಗಿದ್ದಾಗ, 1773ರ ಹೊಸವರ್ಷದ ಆರಾಧನೆಗಾಗಿ. ಆಧಾರವಾಕ್ಯ ಪೂರ್ವಕಾಲವೃತ್ತಾಂತದ ಪ್ರಥಮ ಭಾಗದ 17ನೆಯ ಅಧ್ಯಾಯ, ನಾತಾನನ ಮಾತು ಕೇಳಿದ ದಾವೀದನು ದೇವರ ಮುಂದೆ ಕುಳಿತು ಮಾಡಿದ ಪ್ರಾರ್ಥನೆ. ದಾಸವ್ಯಾಪಾರವನ್ನು ಬಹಿರಂಗವಾಗಿ ಖಂಡಿಸಿ, ತನ್ನ ಪಾಲನ್ನು ಒಪ್ಪಿಕೊಂಡು ನ್ಯೂಟನ್ ಬರೆದದ್ದು 1788ರಲ್ಲಿ. ಬಿರುಗಾಳಿಯಿಂದ ಅಲ್ಲಿಗೆ ನಲವತ್ತು ವರ್ಷ. ಇಂದು ನಾವು ಹಾಡುವ ರಾಗವನ್ನು ಅವನು ಕೇಳಿಯೇ ಇರಲಿಲ್ಲ. ಅಮೆರಿಕದ ದಕ್ಷಿಣದ ಹಾಡುಪುಸ್ತಕವೊಂದರಲ್ಲಿ 1835ರಲ್ಲಿ ಅದು ಈ ಪದಗಳೊಂದಿಗೆ ಕೂಡಿತು. (ಐದೇ ಸ್ವರಗಳ ರಾಗ ಅದು, ನಮ್ಮ ಮೋಹನದ ಸ್ವರಗಳೇ. ನಮ್ಮ ಜನರಿಗೆ ಅದು ಬೇಗನೆ ಹತ್ತಿರವಾಗಲು ಇದೂ ಒಂದು ಕಾರಣವಿರಬಹುದು.)

ಈ ಸಂಗತಿಗಳನ್ನು ಮನಸ್ಸಿನಲ್ಲಿಟ್ಟು ಫ್ರ್ಯಾಂಕ್ಲಿನ್ ಅವರ ಹಾಡನ್ನು ಕೇಳಬೇಕು. ಹತ್ತು ನಿಮಿಷಕ್ಕೂ ಮೀರಿದ ಅದರಲ್ಲಿ ಆಕೆ ಹಾಡುವುದು ಮುಖ್ಯವಾಗಿ ಎರಡೇ ಚರಣ. ತಾಳವಿಲ್ಲ, ಅಥವಾ ಉಸಿರೇ ತಾಳ. ಒಂದೊಂದು ಅಕ್ಷರವನ್ನೂ ಎತ್ತಿ, ತಿರುಗಿಸಿ, ಕೆಳಗಿಟ್ಟು, ಮತ್ತೆ ಎತ್ತುತ್ತಾರೆ. ನಮ್ಮವರು ಇದನ್ನು ಆಲಾಪನೆಗೆ ಹೋಲಿಸಬಹುದು. ಆದರೆ ಆಲಾಪನೆ ರಾಗವನ್ನು ಬಿಡಿಸಿ ತೋರಿಸುತ್ತದೆ, ಇಲ್ಲಿ ಬಿಡಿಸಲ್ಪಡುವುದು ಪದ. ಪುಸ್ತಕಗಳಿಲ್ಲದ ಸಭೆಗಳಲ್ಲಿ ಮುಂದಾಳು ಸಾಲನ್ನು ಹೇಳಿಕೊಟ್ಟು ಜನರು ಅದನ್ನು ನಿಧಾನವಾಗಿ ಎಳೆದು ಹಾಡುತ್ತಿದ್ದ ಹಳೆಯ ಪದ್ಧತಿಯ ನೆನಪು ಆ ಎಳೆತದಲ್ಲಿದೆ. ದಾಟಿಬಂದ ಅಪಾಯಗಳನ್ನು ಎಣಿಸುವ ಚರಣಕ್ಕೆ ಬಂದಾಗ ಸಭೆಯ ಧ್ವನಿಯೇ ಬದಲಾಗುತ್ತದೆ. ನ್ಯೂಟನ್ನನ ಅಪಾಯಗಳು ಸಮುದ್ರದವು. ಇಲ್ಲಿ ಹಾಡುತ್ತಿರುವವರ ಪೂರ್ವಜರು ಅಂಥ ಹಡಗುಗಳ ಒಡಲಲ್ಲಿ ಬಂದವರು. ಕೇಳುತ್ತಿರುವವರು ಏಳು ವರ್ಷದ ಹಿಂದೆ, 1965ರಲ್ಲಿ, ತಮ್ಮ ಬೀದಿಗಳು ಉರಿದು ಮೂವತ್ತನಾಲ್ಕು ಮಂದಿ ಸತ್ತದ್ದನ್ನು ಕಂಡ ವಾಟ್ಸ್‌ನ ಜನ. ಅಪಾಯವೇ ಆಗಿದ್ದವನ ಬಾಯಿಂದ ಬಂದ ಪದಗಳನ್ನು ಅಪಾಯಕ್ಕೆ ಸಿಕ್ಕವರ ಮಕ್ಕಳು ತಮ್ಮದೆಂದು ತೆಗೆದುಕೊಳ್ಳುತ್ತಿದ್ದಾರೆ. ಕ್ಷಮಿಸಿದ್ದೇವೆಂದು ಅವರು ಹೇಳುವುದಿಲ್ಲ. ಆ ಮಾತನ್ನು ಅವರ ಪರವಾಗಿ ನಾವು ಹೇಳಿಬಿಡುವುದು ಅಗ್ಗದ ಕೃಪೆಯಾದೀತು.

ನಿಧಾನವೇ ಇಲ್ಲಿ ದೈವಶಾಸ್ತ್ರ. ನೀತೀಕರಣವನ್ನು ಕ್ಷಣದ ಕ್ರಿಯೆಯಾಗಿ ವಿವರಿಸುವುದು ನಮ್ಮ ಬೋಧನಾಕ್ರಮದ ಅಭ್ಯಾಸ. ಪರಿಶುದ್ಧೀಕರಣದ ಅಧ್ಯಾಯಕ್ಕೆ ಬರುವಷ್ಟರಲ್ಲಿ ಪಾಠದ ಅವಧಿ ಮುಗಿದಿರುತ್ತದೆ. ಕೃಪೆ ನ್ಯೂಟನ್ನನ ಕಿವಿಯನ್ನು ತಲುಪಲು ಹಿಡಿದ ನಲವತ್ತು ವರ್ಷಗಳ ಬಗ್ಗೆ ಆ ಪಾಠದಲ್ಲಿ ಸ್ಥಳವಿಲ್ಲ. ಫ್ರ್ಯಾಂಕ್ಲಿನ್ ಅವರ ಹಾಡಿನಲ್ಲಿದೆ. ಅದು ನಡೆಯುತ್ತಿರುವಾಗ ಕ್ಲೀವ್‌ಲ್ಯಾಂಡ್ ಪಿಯಾನೋ ಬಿಟ್ಟು ಹೋಗಿ ಕುಳಿತು, ಮುಖ ಮುಚ್ಚಿಕೊಂಡು ಅತ್ತರು. ಆಕೆ ಚಿಕ್ಕವರಿದ್ದಾಗ ಡೆಟ್ರಾಯ್ಟ್‌ನ ಸಭೆಯಲ್ಲಿ ಆಕೆಗೆ ಸಂಗೀತದ ದಾರಿ ತೋರಿಸಿದವರಲ್ಲಿ ಅವರೂ ಒಬ್ಬರು.

ಆಕ್ಷೇಪಣೆಗಳಿಲ್ಲವೆಂದಲ್ಲ. ವ್ಯಾಪಾರಿ ಸಂಸ್ಥೆಯೊಂದು ಆರಾಧನೆಗೆ ದೀಪಗಳನ್ನೂ ಕ್ಯಾಮೆರಾಗಳನ್ನೂ ತಂದಿತ್ತು. ಎರಡನೆಯ ರಾತ್ರಿ ಹಿಂದೆ ನಿಂತವರಲ್ಲಿ ರೋಲಿಂಗ್ ಸ್ಟೋನ್ಸ್ ತಂಡದ ಮಿಕ್ ಜಾಗರ್ ಕೂಡ ಇದ್ದರು. ಸಾಕ್ಷಿ ಹೇಳುವವಳನ್ನು ನೋಡಲು ಬಂದ ಜನಕ್ಕೂ ಸಾಕ್ಷಿಗೆ ‘ಆಮೆನ್’ ಎನ್ನಲು ಬಂದ ಜನಕ್ಕೂ ಒಂದೇ ಸೂರು. ಇಂದು ನಮ್ಮ ಪಟ್ಟಣಗಳ ದೊಡ್ಡ ಸಭೆಗಳಲ್ಲಿ ಆರಾಧನೆ ಚಿತ್ರೀಕರಣಕ್ಕಾಗಿ ಹೊಂದಿಸಲ್ಪಡುತ್ತಿರುವುದನ್ನು ಕಾಣುವಾಗ, ಆ ದಾರಿಯ ಒಂದು ಕವಲು ಇಲ್ಲಿಂದಲೇ ಹೊರಟಿತೇನೋ ಎಂಬ ಅಳುಕು ನನಗಿದೆ. ಆದರೆ ಅಂದಿನ ಚಿತ್ರೀಕರಣ ವಿಚಿತ್ರವಾಗಿ ಸೋತಿತು. ನಿರ್ದೇಶಕ ಸಿಡ್ನಿ ಪೊಲಾಕ್ ದೃಶ್ಯಕ್ಕೂ ಧ್ವನಿಗೂ ಹೊಂದಿಕೆ ಮಾಡಲು ಬೇಕಾದ ಕ್ಲ್ಯಾಪ್ ಹಲಗೆಗಳನ್ನು ಬಳಸಿರಲಿಲ್ಲ. ಸುರುಳಿಗಳು ದಶಕಗಳ ಕಾಲ ಮೂಕವಾಗಿ ಬಿದ್ದಿದ್ದವು. ತಂತ್ರಜ್ಞಾನ ಅವುಗಳಿಗೆ ಬಾಯಿ ಕೊಟ್ಟ ಮೇಲೆ ಫ್ರ್ಯಾಂಕ್ಲಿನ್ ತಾವೇ ನ್ಯಾಯಾಲಯಕ್ಕೆ ಹೋಗಿ ಪ್ರದರ್ಶನವನ್ನು ತಡೆದರು. 2018ರ ಆಗಸ್ಟ್ 16ರಂದು ಆಕೆ ತೀರಿಕೊಂಡರು. ಚಿತ್ರ ಜನರ ಮುಂದೆ ಬಂದದ್ದು ಅದೇ ವರ್ಷದ ನವೆಂಬರಿನಲ್ಲಿ. ನಾವು ಅದನ್ನು ನೋಡುತ್ತಿರುವುದು ಆಕೆಯ ಇಚ್ಛೆಯನ್ನು ಮೀರಿಯೋ ಎಂಬ ಪ್ರಶ್ನೆ ನೋಡುವಾಗಲೆಲ್ಲ ನನ್ನೊಡನೆ ಇರುತ್ತದೆ. ವಿದ್ಯಾರ್ಥಿಗಳಿಗೆ ನಾನು ಹೇಳುವುದು, ಮೊದಲು ಮುದ್ರಿಕೆಯನ್ನು ಕಣ್ಣು ಮುಚ್ಚಿ ಕೇಳಿರಿ ಎಂದೇ.

ಆದರೂ ಚಿತ್ರದಲ್ಲಿ ಮಾತ್ರ ಸಿಗುವ ಒಂದು ದೃಶ್ಯವಿದೆ. ಎರಡನೆಯ ರಾತ್ರಿ ಆಕೆ ಪಿಯಾನೋದ ಮುಂದೆ ಕುಳಿತು ‘ನೆವರ್ ಗ್ರೋ ಓಲ್ಡ್’ ಹಾಡುತ್ತಾರೆ, ಮುದುಪಿಲ್ಲದ ನಾಡನ್ನು ಕುರಿತ ಹಳೆಯ ಗೀತೆ. 1956ರಲ್ಲಿ ತಂದೆಯ ಸಭೆಯಲ್ಲಿ, ಹದಿನಾಲ್ಕರ ವಯಸ್ಸಿನಲ್ಲಿ, ಆಕೆ ಮೊದಲು ಧ್ವನಿಮುದ್ರಣಕ್ಕೆ ಹಾಡಿದ ಗೀತೆಗಳಲ್ಲಿ ಅದೂ ಒಂದು. ದೀಪಗಳ ಕಾವಿಗೆ ಮುಖವೆಲ್ಲ ಬೆವರು. ತಂದೆ ತಮ್ಮ ಜಾಗದಿಂದ ಎದ್ದು ಬಂದು, ಕರವಸ್ತ್ರ ತೆಗೆದು, ಮಗಳ ಹಣೆ ಕೆನ್ನೆಗಳನ್ನು ಒರೆಸುತ್ತಾರೆ. ಆಕೆ ಕಣ್ಣು ತೆರೆಯುವುದಿಲ್ಲ, ಹಾಡು ನಿಲ್ಲಿಸುವುದಿಲ್ಲ.